ಅಡುಗೆಮನೆಯಲ್ಲೇ ಉಳಿದ ಫೋನು

ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಯಶೋದಾ ವಿದ್ಯಾನಗರದ ಹುಡುಗಿಯರ ಹಾಸ್ಟೆಲಿನಲ್ಲಿ ಸಾಂಬಾರಿನ ಪಾತ್ರೆ ಉಜ್ಜುತ್ತ ‘ಫಾರ್ವರ್ಡ್’ ಎಂಬ ಪದವನ್ನು ಬಾಯಿಪಾಠ ಮಾಡುತ್ತಿದ್ದಳು.

ಏಳನೇ ತರಗತಿಯವರೆಗೆ ಓದಿದ್ದ ಅವಳು ತನ್ನ ಫೋನಿನಲ್ಲಿದ್ದ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದಳು, ಅರ್ಥ ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಬರುವ ಹುಡುಗಿಯರು ಅರ್ಥ ಹೇಳಿದರೆ, ಅದನ್ನು ಒಲೆಯ ಲೆಕ್ಕಕ್ಕೆ ತಂದುಕೊಳ್ಳುತ್ತಿದ್ದಳು. ಮ್ಯೂಟ್ ಎಂದರೆ ಕುಕ್ಕರಿನ ವಿಸಿಲ್ ಎತ್ತಿಟ್ಟ ಹಾಗೆ. ಆಫ್ ಎಂದರೆ ಸಿಲಿಂಡರೇ ಬಂದ್.

“ಕನ್ನಡಕ್ಕೇ ಹಾಕ್ಕೊಡ್ತೀನಿ ಯಶೋದಕ್ಕ, ಯಾಕಿಷ್ಟು ಒದ್ದಾಡ್ತೀರಿ?” ಎಂದಿದ್ದಳು ಬಿ.ಎಸ್ಸಿ. ಓದುವ ರಶ್ಮಿ.

“ಬ್ಯಾಡವ್ವ. ನಮ್ಮನೆಯವ್ರು ದಿನಾ ಇಸ್ಕಂಡು ನೋಡ್ತಾರೆ. ಒಂದಕ್ಷರ ಬದಲಾದ್ರೂ ನನ್ ಕತೆ ಮುಗೀತು.”

ಗಂಡ ತಿಪ್ಪೇಶ್ ಗೂಡ್ಸ್ ಆಟೊ ಓಡಿಸುತ್ತಾನೆ. ಫೋನು ಕೊಡಿಸಿದವನೂ ಅವನೇ, ಅದರ ಲೊಕೇಶನ್ ಸದಾ ತನಗೆ ಕಾಣುವಂತೆ ಮಾಡಿಟ್ಟವನೂ ಅವನೇ. ಯಶೋದಾಳ ತಂಗಿ ತನುಶ್ರೀ ಬೇರೆ ಜಾತಿಯವನನ್ನು ಮದುವೆಯಾದ ಮೇಲೆ, ಹರಿಹರದ ತವರಿಗೆ ಕಾಲಿಡಕೂಡದೆಂದು ಅವನ ಕಟ್ಟಪ್ಪಣೆ. ಈಗ ತನುಶ್ರೀ ಬಾಣಂತನಕ್ಕೆ ಅಲ್ಲಿಗೆ ಬಂದಿದ್ದಳು. ಗುರುವಾರ ಗಂಡನೊಡನೆ ಹೊಸಪೇಟೆಗೆ ಹೊರಡುವವಳು. ಅಷ್ಟರೊಳಗೆ ಒಮ್ಮೆ ಆ ಕೂಸನ್ನು ಎತ್ತಿಕೊಳ್ಳಬೇಕು. ಯಶೋದಾಳಿಗೆ ಬೇಕಿದ್ದದ್ದು ಅಷ್ಟೇ.

ಹಿಂದಿನ ವಾರ ಲೊಕೇಶನ್ ಆಫ್ ಮಾಡಿ ಪರೀಕ್ಷಿಸಿದ್ದಳು. ಚಪಾತಿ ಹಿಟ್ಟು ನಾದಿ ಮುಗಿಯುವುದರೊಳಗೆ ತಿಪ್ಪೇಶನ ಕರೆ ಬಂತು: “ಎಲ್ಲಿ ಹಾಳಾಗಿ ಹೋಗಿದ್ದಿ? ನಿನ್ನ ಗುರುತೇ ಕಾಣಾವಲ್ದು!” ಆಫ್ ಆದದ್ದೂ ಅವನಿಗೊಂದು ಸುದ್ದಿಯೇ ಆಗಿತ್ತು. ಫೋನು ಬಿಟ್ಟು ಹೋದರೆ ಅವನ ಕರೆ ಎತ್ತುವವರು ಯಾರು? ಅದಕ್ಕೇ ರಶ್ಮಿ ಫಾರ್ವರ್ಡ್ ಕಲಿಸಿದಳು. ಯಶೋದಾಳ ಫೋನು ಅಡುಗೆಮನೆಯಲ್ಲೇ ಇರುತ್ತದೆ. ಅದಕ್ಕೆ ಬಂದ ಕರೆ ರಶ್ಮಿಯ ಫೋನಿಗೆ ಹೋಗುತ್ತದೆ. ರಶ್ಮಿಯ ಫೋನು ಯಶೋದಾಳ ಕೈಯಲ್ಲಿ.

“ಅಂದ್ರೆ, ನಮ್ಮ ನಲ್ಲಿಗೆ ಬಿಟ್ಟ ನೀರು ಪಕ್ಕದ ಮನೆ ಕೊಡ ತುಂಬಿದಂಗೆ.”

“ಅಕ್ಕಾ, ನಮ್ ಲೆಕ್ಚರರ್ ಕೆಲ್ಸಕ್ಕೆ ಅರ್ಜಿ ಹಾಕ್ರಿ!”

ಮಂಗಳವಾರ ಊಟ ಬಡಿಸಿ ಬಸ್ಸು ಹತ್ತಿದಳು. ಹರಿಹರದ ಮನೆಯಲ್ಲಿ ಕೂಸಿಗೆ ಆಗತಾನೆ ನೀರೆರೆದಿದ್ದರು. ಲೋಬಾನದ ಹೊಗೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ ತನುಶ್ರೀ ಅಕ್ಕನ ಮಡಿಲಿಗೆ ಹಾಕಿದಳು. ಕೂಸು ಕಣ್ಣು ಬಿಡುವಷ್ಟರಲ್ಲಿ ರಶ್ಮಿಯ ಫೋನು ಹೊಡೆದುಕೊಂಡಿತು.

“ಯಾರಕ್ಕಿ, ಮೊದ್ಲು ಇಂಗ್ಲಿಷ್‌ನಾಗೆ ಏನೋ ಒದರಿದ್ಲು?” ತಿಪ್ಪೇಶ್ ಕೇಳಿದ. ಕರೆ ಬೇರೆ ಕಡೆಗೆ ಹೋಗುವ ಮುನ್ನ ಕಂಪನಿಯ ಧ್ವನಿ ಅದನ್ನು ಸಾರಬಹುದೆಂದು ರಶ್ಮಿಗೂ ತಿಳಿದಿರಲಿಲ್ಲ.

“ಏನಂದ್ಲು?”

“ಇಂಗ್ಲಿಷ್ ನಂಗೇನ್ ಗೊತ್ತು? ನಿನ್ನ ಫೋನೇ ಕೆಟ್ಟೈತೆ. ಆನಗೋಡಿನಾಗೆ ಲೋಡ್ ಇಳಿಸಿ ಹಾಸ್ಟೆಲಿಗೇ ಬರ್ತೀನಿ. ತೋರ್ಸು.”

“ಬರ್ರಿ,” ಎಂದಳು.

ಕೂಸನ್ನು ತಂಗಿಯ ಕೈಗಿಟ್ಟು, ತಾಯಿ ತಂದ ಚಹಾ ಮುಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಹಾಸ್ಟೆಲ್ ತಲುಪಿ ಫಾರ್ವರ್ಡ್ ತೆಗೆದು, ಸೊಪ್ಪು ಸೋಸಲು ಕುಳಿತ ಮೇಲೆ ಹೊರಗೆ ಆಟೊ ನಿಂತಿತು. ತಿಪ್ಪೇಶ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಏನೂ ಸಿಗಲಿಲ್ಲ.

“ನಾಳಿಂದ ವಿಡಿಯೊ ಕಾಲೇ ಮಾಡ್ತೀನಿ. ಮುಖ ಕಾಣ್ಬೇಕು,” ಎಂದು ಹೋದ.

ಆಟೊದ ಸದ್ದು ದೂರವಾದ ಮೇಲೆ ರಶ್ಮಿ ಒಳಗೆ ಬಂದು ಕೇಳಿದಳು: “ಎಷ್ಟೊತ್ತು ಎತ್ಕಂಡಿದ್ರಿ ಅಕ್ಕ, ಕೂಸನ್ನ?”

ಯಶೋದಾ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ನಾಲ್ಕು ನಿಮಿಷ.”