ಬೀಗರಿಗೆ ಕರಡಿ ತೋಟಾ

ನನ್ನ ಮಗಳಿಗೆ ಮಾವನಾಗಬೇಕಿದ್ದ ಮನುಷ್ಯ ಬಾಯಿಯೇ ಬಿಡುತ್ತಿರಲಿಲ್ಲ. ಮೊದಲ ಸಲ ಮಾರಿಸ್‌ಟೌನಿನ ನಮ್ಮ ಮನೆಗೆ ಆ ಅಮೆರಿಕನ್ ಕುಟುಂಬದ ಗಂಡ, ಹೆಂಡತಿ, ಮಗ ಮೂವರೂ ಬಂದಿದ್ದರು. ನಾನು ಕೈಯಾರೆ ಮಾಡಿದ ಮೈಸೂರು ಪಾಕನ್ನು ಆತ ಮೂಲೆಯಲ್ಲಿ ಚೂರು ಕಚ್ಚಿ, ಥ್ಯಾಂಕ್ ಯೂ ಅಂದು, ಒಂದು ಲೋಟ ನೀರು ಕುಡಿದು ಸುಮ್ಮನಾದರು. ಎರಡನೇ ಸಲ ಅವರ ಮನೆಯಲ್ಲಿ ನಾವು ಅವರಿಗೆ ಶಾಲು ಹೊದಿಸಿದೆವು. ಕ್ಷೌರದಂಗಡಿಯಲ್ಲಿ ಕೂತವರ ಹಾಗೆ ಅದನ್ನು ಹೊದ್ದುಕೊಂಡೇ ಇಡೀ ಮಧ್ಯಾಹ್ನ ಕೂತಿದ್ದರು. ಮಾತೆಲ್ಲ ಹೆಂಡತಿಯದೇ. ಹುಡುಗನೇನೋ ಬಂಗಾರದಂಥವನು. ಆದರೆ ಅಪ್ಪನಿಗೆ ಈ ಸಂಬಂಧ ಇಷ್ಟವಿಲ್ಲ, ನನ್ನ ಮಗಳು ಜೀವಮಾನವಿಡೀ ಆ ಮೌನದೆದುರು ಕೂತು ಅನ್ನ ತಿನ್ನಬೇಕು ಎಂದೇ ನಾನು ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಅವರಿಂದಲೇ ಕರೆ ಬಂತು. ಬರುವ ಶನಿವಾರ ಎಲ್ಲರೂ ಸೇರಿ ಕ್ಲೇ ಶೂಟಿಂಗಿಗೆ ಹೋಗೋಣ ಅಂತ. ಯಂತ್ರವೊಂದು ಮಣ್ಣಿನ ತಟ್ಟೆಗಳನ್ನು ಆಕಾಶಕ್ಕೆ ಎಸೆಯುತ್ತದಂತೆ, ನಾವು ಬಂದೂಕು ಹಿಡಿದು ಅವನ್ನು ಒಡೆಯಬೇಕಂತೆ. ನಮ್ಮ ಕಡೆ ಬೀಗರ ನಡುವೆ ತಟ್ಟೆ ಹಾರುವುದು ಮದುವೆ ಊಟದಲ್ಲಿ ಸಾರು ಸಾಲದೆ ಬಂದಾಗ ಮಾತ್ರ. ಇರಲಿ, ಕರೆದಿದ್ದಾರಲ್ಲ, ಹೋಗದಿದ್ದರೆ ಹೇಗೆ?

ಮಗಳು ಫೋನು ಮಾಡಿ, "ಅಮ್ಮಾ, ಪ್ಲೀಸ್, ಡೋಂಟ್ ಬ್ರಿಂಗ್ ಎನಿಥಿಂಗ್" ಅಂದಳು. ಬೀಗರಾಗುವವರನ್ನು ನೋಡಲು ಬರಿಗೈಲಿ ಹೋಗುವುದುಂಟೇ? ನನ್ನನ್ನು ಹೆತ್ತವರು ಹಾಗೆ ಬೆಳೆಸಿಲ್ಲ. ಸಿಹಿ ಕೊಟ್ಟಾಯಿತು, ಶಾಲು ಕೊಟ್ಟಾಯಿತು, ಎರಡೂ ನಾಟಲಿಲ್ಲ. ಈ ಸಲ ಅವರ ಬಂದೂಕಿಗೇ ತೋಟಾ ಕೊಡೋಣ, ಹೇಗೆ ಬಾಯಿ ಬಿಡುವುದಿಲ್ಲವೋ ನೋಡಿಯೇ ಬಿಡೋಣ ಎಂದು ನಮ್ಮನೆಯವರನ್ನು ಹೊರಡಿಸಿದೆ.

ನಮ್ಮನೆಯವರು ಐಟಿಯವರು. ಒಂದು ಛತ್ರಿ ಕೊಳ್ಳಲೂ ಮೂವತ್ತು ರಿವ್ಯೂ ಓದುವ ಪ್ರಾಣಿ. ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವ ರೈಲಿನಲ್ಲಿ ಕೂತು ವಾರವೆಲ್ಲ ತೋಟಾ ವಿದ್ಯೆ ಕಲಿತಿದ್ದರು. ಹೆಬ್ಬೆರಳಿನಷ್ಟು ದಪ್ಪದ ಕೊಳವೆ, ತಳದಲ್ಲಿ ಮದ್ದು, ಮೇಲೆ ಚರೆ, ಅಂದರೆ ಸೀಸದ ಕಾಳು. ತಟ್ಟೆ ಒಡೆಯಲು ಸಾಸಿವೆಯಷ್ಟು ಕಾಳು ಸಾಕು, ಹರಡಿಕೊಂಡು ಹೋಗಿ ತಗಲುತ್ತದೆ. ಮದ್ದು ಕಡಿಮೆಯಿದ್ದರೆ ಬಂದೂಕು ಭುಜಕ್ಕೆ ಒದೆಯುವುದಿಲ್ಲ. ಹಕ್ಕಿ ದೊಡ್ಡದಾದ ಹಾಗೆ ಕಾಳೂ ದೊಡ್ಡದು. ಬಾತುಕೋಳಿಗಾದರೆ ಸೀಸ ಕೂಡದು, ನೀರು ಕೆಡುತ್ತದೆ, ಉಕ್ಕಿನ ಚರೆಯೇ ಆಗಬೇಕು. ಕಾರಿನಲ್ಲಿ ಇಷ್ಟನ್ನೂ ನನಗೆ ಕೊರೆದರು. ನಾನು ಹೂಂಗುಟ್ಟಿದೆ.

ಹೆದ್ದಾರಿ ಪಕ್ಕದ ಬೇಟೆ ಸಾಮಾನಿನ ಅಂಗಡಿಯಲ್ಲಿ ಅವರು ನೆಟ್ಟಗೆ ಬಾಗಿಲ ಬಳಿಯ ರಾಶಿಗೇ ಹೋದರು. ತಟ್ಟೆ ಒಡೆಯುವ ತೋಟಾ ಅಲ್ಲಿತ್ತು. ತೆಳು ರಟ್ಟಿನ ಡಬ್ಬಿ, ಬೆಂಕಿಪೊಟ್ಟಣದ ಹಾಗೆ ಒಂದರ ಮೇಲೊಂದು ಪೇರಿಸಿದ್ದರು, ಮೇಲೆ ಸೇಲ್ ಎಂಬ ಚೀಟಿ ಬೇರೆ. ನನಗೆ ಮೈ ಉರಿದುಹೋಯಿತು.

"ರೀ, ಬೀಗರಿಗೆ ಸೇಲ್ ಮಾಲು ಕೊಡ್ತೀರಾ?"

ಒಳಗಿನ ಕಪಾಟಿನಲ್ಲಿ ನೋಡಿದರೆ ಒಂದಕ್ಕಿಂತ ಒಂದು ಚೆಂದದ ಡಬ್ಬಿ. ಆದರೆ ಒಂದರ ಮೇಲೆ ಫೆಸೆಂಟು ಎಂಬ ಕಾಡುಕೋಳಿ, ಒಂದರ ಮೇಲೆ ಬಾತು, ಇನ್ನೊಂದರ ಮೇಲೆ ಟರ್ಕಿ ಕೋಳಿ. ಎಲ್ಲವೂ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದವು. ಇನ್ನು ಅರೆಗಳಿಗೆಯಲ್ಲಿ ಸಾಯುವ ಹಕ್ಕಿಯ ಚಿತ್ರವಿರುವ ಡಬ್ಬಿಯನ್ನು ಎಲೆಯಡಿಕೆ ಜೊತೆ ಇಟ್ಟು ಕೊಡುವುದೇ? ಶಿವ ಶಿವಾ. ಆಗ ಮೇಲಿನ ಅಟ್ಟದಲ್ಲಿ ನನಗೆ ಬೇಕಾದ್ದು ಸಿಕ್ಕಿತು. ಕಪ್ಪು ಡಬ್ಬಿ, ಬಂಗಾರದ ಅಕ್ಷರ, ಪ್ರಾಣಿ ಪಕ್ಷಿ ಯಾವುದೂ ಇಲ್ಲ. ಒಳಗೆ ಐದೇ ತೋಟಾ. ಐದನ್ನೇ ಒಂದು ಡಬ್ಬಿಯಲ್ಲಿಟ್ಟು ಅಷ್ಟು ಬೆಲೆಗೆ ಮಾರುತ್ತಾರೆಂದರೆ ಅದು ಬೀಗರಿಗೇ ಮಾಡಿದ್ದು.

ನಮ್ಮನೆಯವರು ಓದಿ ನೋಡಿ, ಇದರಲ್ಲಿ ಚರೆಯೇ ಇಲ್ಲ ಕಣೇ, ಒಂದೇ ಗುಂಡು ಇದೆ, ಇದರ ಜಾತಿಯೇ ಬೇರೆ ಎಂದು ಗೊಣಗಿದರು. ಒಂದಾದರೂ ಗಟ್ಟಿಯಾಗಿದೆಯಲ್ಲ ಎಂದು ನಾನು ಎರಡು ಡಬ್ಬಿ ತೆಗೆಸಿದೆ. ಅಂಗಡಿಯವನು ಯಾತಕ್ಕೆ ಅಂತ ಕೇಳಿದ. ಫ್ಯಾಮಿಲಿ ಫಂಕ್ಷನ್ ಅಂದರು ಇವರು. ಅವನು ಮತ್ತೇನೂ ಕೇಳಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾತ್ರ ತಿರುಗಿಸಿ ತಿರುಗಿಸಿ ನೋಡಿದ.

ಶನಿವಾರ ಬೆಳಿಗ್ಗೆ ಸ್ಟೀಲ್ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಬೆಲ್‌ರೋಸಿನ ಇಂಡಿಯನ್ ಅಂಗಡಿಯಿಂದ ತರಿಸಿದ ವೀಳ್ಯದೆಲೆ, ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ ಎರಡು ಕಪ್ಪು ಡಬ್ಬಿ ಜೋಡಿಸಿಕೊಂಡು, ರೇಷ್ಮೆ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ಹೋದೆ. ಗೇಟಿನಲ್ಲೇ ತಡೆದರು. ಅಲ್ಲಿ ಒಳಗೆ ಹೋಗುವ ಪ್ರತಿ ತೋಟಾವನ್ನೂ ನೋಡಿಯೇ ಬಿಡುವುದಂತೆ. ಕಿತ್ತಳೆ ಜಾಕೀಟಿನವನೊಬ್ಬ ಡಬ್ಬಿ ತೆರೆದು, ಬೆರಳಿಗಂಟಿದ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡು, "ಮ್ಯಾಮ್, ಇದು ಕರಡಿ ಹೊಡೆಯೋದು" ಅಂದ. ಸಾಸಿವೆ ಚರೆಯಾದರೆ ಈ ಬಯಲಲ್ಲೇ ಉದುರಿಬಿಡುತ್ತದೆ, ಈ ಗುಂಡು ಆ ಗುಡ್ಡ ದಾಟಿ ಹೋಗುತ್ತದೆ, ಆಚೆ ಜನರಿದ್ದಾರೆ, ಇದನ್ನು ಒಳಗೆ ಬಿಡುವುದೇ ಇಲ್ಲ ಎಂದು ಮಗುವಿಗೆ ಹೇಳುವಂತೆ ಹೇಳಿದ.

ನಮ್ಮನೆಯವರು, ನಾನು ಆಗಲೇ ಹೇಳಿದ್ದೆ ಅಂದರು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಾಲದ್ದಕ್ಕೆ ಆ ಮೂಗಪ್ಪ ಅದೇ ಹೊತ್ತಿಗೆ ಬಂದು ನನ್ನೆದುರು ನಿಂತರು. ಇನ್ನು ಮುಗಿಯಿತು, ಇವಳ ತಾಯಿಗೆ ತಲೆ ಸರಿಯಿಲ್ಲ ಅಂದುಕೊಂಡೇ ಹೋಗುತ್ತಾರೆ ಎಂದುಕೊಂಡೆ. ಆದರೂ ಬಾಳೆಹಣ್ಣು ಸಮೇತ ತಟ್ಟೆಯನ್ನು ಅವರ ಮುಂದೆ ಚಾಚಿದೆ.

ಅವರು ಡಬ್ಬಿ ಎತ್ತಿ ಓದಿದರು. ಮುಖ ಕೆಂಪಾಯಿತು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕಾದ ಮೇಲೆ ಮಾತು ಶುರುವಾಯಿತು. ಅಬ್ಬಾ, ನಿಲ್ಲಿಸುವವರೇ ಇಲ್ಲ.

ಆ ಮನುಷ್ಯ ಪ್ರತಿ ಶರತ್ಕಾಲ ಫೆಸೆಂಟ್ ಬೇಟೆಗೆ ಹೋಗುವವರಂತೆ. ಮಗ ಸಸ್ಯಾಹಾರಿ ಮನೆಯ ಹುಡುಗಿಯನ್ನು ಮೆಚ್ಚಿದ್ದಾನೆಂದು ಗೊತ್ತಾದ ದಿನವೇ ಫ್ರೀಜರಿನಲ್ಲಿದ್ದ ಹಕ್ಕಿಗಳನ್ನೆಲ್ಲ ತಮ್ಮನ ಮನೆಗೆ ಸಾಗಿಸಿದರಂತೆ. ಹೆಂಡತಿಯ ಕಟ್ಟಪ್ಪಣೆ ಏನೆಂದರೆ, ಆ ಜನರೆದುರು ಬಂದೂಕಿನ ಮಾತು ಬೇಡ, ಬೇಟೆಯ ಮಾತು ಬೇಡ, ಮಾಂಸದ ಮಾತು ಬೇಡವೇ ಬೇಡ. ಪಾಪ, ಅದು ಬಿಟ್ಟರೆ ಅವರಿಗೆ ಬೇರೆ ಮಾತೇ ಗೊತ್ತಿಲ್ಲ. ಅದಕ್ಕೇ ಎರಡು ಸಲವೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಈ ವರ್ಷ ಬೇಟೆಯನ್ನೇ ಬಿಟ್ಟು, ಹೆಂಡತಿಯನ್ನು ಹೇಗೋ ಒಪ್ಪಿಸಿ, ಯಾವ ಜೀವವೂ ಸಾಯದ ಈ ತಟ್ಟೆ ಆಟಕ್ಕೆ ನಮ್ಮನ್ನು ಕರೆದಿದ್ದರು. ನಮಗೆಂದೇ ಭುಜಕ್ಕೆ ನೋವಾಗದಂಥ, ಎಲ್ಲಕ್ಕಿಂತ ಮೆತ್ತಗಿನ ತೋಟಾ ಆರಿಸಿ ತಂದಿದ್ದರು.

"ನನ್ನಿಂದಾಗಿ ನೀವು ಮಗಳನ್ನ ಕೊಡಲ್ಲ ಅಂತೀರೇನೋ ಅಂತ ಹೆದರಿದ್ದೆ" ಅಂದರು, ಡಬ್ಬಿಯನ್ನು ಎದೆಗೊತ್ತಿಕೊಂಡು.

ನಾನು ಇಂಗ್ಲಿಷಿನಲ್ಲೇ ಏನೋ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಕನ್ನಡ. "ಹೆದರೋದು ಹೆಣ್ಣು ಹೆತ್ತವರ ಕೆಲಸ ಬೀಗರೇ. ಮೂರು ತಿಂಗಳಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ನೀವ್ಯಾಕೆ ಹೆದರಿದ್ರಿ?"

ಅವರು ಅರ್ಥವಾಗದೆ ನನ್ನ ಮಗಳ ಮುಖ ನೋಡಿದರು. ಅವಳು ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿ ಅರ್ಧಕ್ಕೇ ನಿಂತಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ನನ್ನ ಕಡೆ ತಿರುಗಿದಳು.

"ಅಮ್ಮ, ನಿಂಗೆ ಭಯ ಆಗಿತ್ತಾ?"

"ಸುಮ್ನೆ ಟ್ರಾನ್ಸ್‌ಲೇಟ್ ಮಾಡೇ" ಅಂದೆ.