ತೆಕ್ಕಲಕೋಟೆಯಲ್ಲಿ ಶಾಂತಿಯ ಅಳತೆ

ಶಾಂತಿಯಿಲ್ಲದೆ ಮನುಕುಲಕ್ಕೆ ಏಳಿಗೆಯಿಲ್ಲ. ಇದನ್ನು ಒಪ್ಪದವರಿಲ್ಲ, ಆದರೆ ಆ ಶಾಂತಿಯನ್ನು ಅಳೆಯಲು ಬಿರುಬೇಸಿಗೆಯಲ್ಲಿ ಸಿರುಗುಪ್ಪದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಸುಮ್ಮನಿದ್ದವನನ್ನು ಒಂದು ಸಂಸ್ಥೆ ಸಮೀಕ್ಷೆಗೆ ಕರೆದಿತ್ತು. ಯಾವ ದೇಶದಲ್ಲಿ ಎಷ್ಟು ಶಾಂತಿಯಿದೆ, ಜಗತ್ತಿನ ಅಭಿವೃದ್ಧಿಯ ಗುರಿಗಳು ಎಲ್ಲಿಗೆ ಬಂದವು ಎಂದು ನೋಡುವ ಘನಕಾರ್ಯ. ಮುಖ್ಯ ನಿಯಮ ಒಂದೇ: ಸಂಸ್ಥೆ ಕೊಟ್ಟ ಟ್ಯಾಬ್ ಮನೆಯವರ ಹೆಸರುಗಳಲ್ಲಿ ತಾನೇ ಆರಿಸಿದ ವ್ಯಕ್ತಿ ಒಬ್ಬರೇ ಕೂತು ಉತ್ತರಿಸಬೇಕು. ಇದನ್ನು ಬರೆದವರು ನಮ್ಮ ಕಡೆ ಬಂದವರಲ್ಲ. ಕುರುಗೋಡಿನಲ್ಲಿ ಒಬ್ಬ ಅಜ್ಜನ ವಯಸ್ಸು ಕೇಳಿದ್ದಕ್ಕೆ ಕಟ್ಟೆಯ ಮೇಲಿದ್ದ ಐವರು ಚರ್ಚಿಸಿ ಒಮ್ಮತಕ್ಕೆ ಬಂದಿದ್ದರು.

ತೆಕ್ಕಲಕೋಟೆಯಲ್ಲಿ ಟ್ಯಾಬ್ ಆರಿಸಿದ್ದು ಒಬ್ಬ ಹೆಂಗಸನ್ನು. ಅಣ್ಣತಮ್ಮಂದಿರು ಪಾಲಾದಾಗ ಆಕೆಯ ಗಂಡ ಅಂಗಳದ ನಡುವೆ ಗೋಡೆ ಎಬ್ಬಿಸಿದ್ದ. ನಲ್ಲಿ ಮಾತ್ರ ಆಚೆ, ಮೈದುನನ ಕಡೆ ಉಳಿದಿತ್ತು. ಆಕೆ ದಿನವೂ ಓಣಿಯ ತುದಿಯ ಟ್ಯಾಂಕಿನಿಂದ ನೀರು ಹೊರುತ್ತಿದ್ದಳು. ನಾನು ಹೋದಾಗಲೂ ಸೊಂಟದ ಮೇಲೆ ಕೊಡವಿತ್ತು.

"ನೆರೆಯವರ ಮ್ಯಾಲೆ ನಂಬಿಕಿ ಐತೇನಮ್ಮಾ? ಪೂರ್ತಿ, ಸ್ವಲ್ಪ, ಇಲ್ಲವೇ ಇಲ್ಲ?" ಎಂದೆ.

ಆಕೆ ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ: "ಪೂರ್ತಿ ಅಂತ ಬರಕೊಳ್ರಿ ಸಾರ್. ನಮ್ಮ ಓಣ್ಯಾಗ ಜಗಳ ಅನ್ನೋದ ಇಲ್ಲ." ಹೊರಗಿನವರ ಮುಂದೆ ಜಗಳದ ಮಾತೆತ್ತುವುದು ಅಲ್ಲಿ ಜಗಳಕ್ಕಿಂತ ದೊಡ್ಡ ಅವಮಾನ.

"ನೀವು ಸ್ವಲ್ಪ ಹೊರಗ ನಿಂದ್ರಿ. ಆಕಿ ಒಬ್ಬಾಕಿನ ಹೇಳಬೇಕು."

"ಚಾ ಕುಡೀರಿ ಸಾರ್," ಎಂದನೇ ಹೊರತು ಕದಲಲಿಲ್ಲ.

ಗೋಡೆಯಾಚೆಯಿಂದ ಮೈದುನನ ದನಿ ಬಂತು: "ನಂಬಿಕಿ ಐತಂತ! ಹಂಗಿದ್ರ ಗ್ವಾಡಿ ಯಾಕ ಕಟ್ಟಿದಿ ಅಂತ ಕೇಳ್ರಿ!"

ಗಂಡ ಗೋಡೆಯತ್ತ ತಿರುಗಿದ: "ನಿನ್ನ ಯಾರು ಕೇಳ್ಯಾರಲೇ? ಟ್ಯಾಬಿನ್ಯಾಗ ನಿನ್ನ ಹೆಸರ ಬಂದಿಲ್ಲ!"

"ಹೆಸರ ಬರದಿದ್ರ ಏನಾತು, ನಲ್ಲಿ ನನ್ನ ಕಡಿ ಐತಿ!"

ಶಾಂತಿಯ ಒಂದು ಪ್ರಶ್ನೆಗೆ ಕಾಲು ಗಂಟೆ ಕದನ. ಅದನ್ನು ದಾಖಲಿಸಲು ಟ್ಯಾಬಿನಲ್ಲಿ ಜಾಗವಿರಲಿಲ್ಲ. ಗೋಡೆಗೊಮ್ಮೆ, ಗಂಡನಿಗೊಮ್ಮೆ ಕೈಮುಗಿದು ಸಾಕಾಯಿತು. ಕೊನೆಗೆ ಆಕೆಯೇ ಕೊಡವನ್ನು ಧಡಕ್ಕನೆ ನೆಲಕ್ಕಿಟ್ಟಳು.

"ಸಾರ್, ನನ್ನ ಉತ್ರ ಬರಕೊಳ್ರಿ. ಸ್ವಲ್ಪ ಐತಿ. ಆ ಗ್ವಾಡ್ಯಾಗ ತೂತು ಹೊಡದು ಈ ಕಡಿ ಒಂದು ಪೈಪ ಬಿಟ್ರ, ಪೂರ್ತಿ ಅಂತ ನಾನ ಹೇಳ್ತೀನಿ."

ನಾನು 'ಸ್ವಲ್ಪ' ಒತ್ತಿದೆ.

ಉತ್ತರಿಸುವಾಗ ಬೇರೆಯವರು ಇದ್ದರೇ ಎಂಬ ಕೊನೆಯ ಪ್ರಶ್ನೆಗೆ ನಾನು 'ಹೌದು' ಒತ್ತಿದ್ದರಿಂದ ಬಳ್ಳಾರಿಯ ಕಚೇರಿ ಆ ನಮೂನೆಯನ್ನು ತಿರಸ್ಕರಿಸಿತು. ಮತ್ತೆ ಕೇಳಲು ಹೋದಾಗ ಗೋಡೆಯಲ್ಲಿ ಒಂದು ಇಟ್ಟಿಗೆ ಇರಲಿಲ್ಲ. ಅಲ್ಲಿಂದ ಪೈಪು ಬಂದಿತ್ತು.