ಎರಡು ಒಂಬತ್ತುಗಳ ನಡುವೆ ಪ್ರೇಮಮ್ಮ

ಬೆಳಗಿನ ಆರೂಕಾಲು. ಅಜ್ಜಂಪುರದಿಂದ ಬರುವ ಮೊದಲ ಬಸ್ಸು ಚಿಕ್ಕಹುಣಸೆಕೆರೆಯ ಕಟ್ಟೆಯ ಹತ್ತಿರ ಪೂರ್ತಿ ನಿಲ್ಲುವುದಿಲ್ಲ. ಒಂಚೂರು ನಿಧಾನ ಮಾಡಿ, ಪೇಪರಿನ ಕಟ್ಟನ್ನು ಧೂಳಿಗೆಸೆದು ಮುಂದಕ್ಕೆ ಹೋಗುತ್ತದೆ. ಅದನ್ನೆತ್ತಿ ಸೆರಗಿನಲ್ಲಿ ಒರೆಸಿ, ಪಂಚಾಯಿತಿ ಗ್ರಂಥಾಲಯದ ಬೀಗ ತೆಗೆಯುವವರು ಪ್ರೇಮಮ್ಮ. ವಯಸ್ಸು ಐವತ್ತೆರಡು. ಹೊಸ ಪುಸ್ತಕ ಬಂದ ದಿನ ಒಳಗೆ ಹೋದವರು ಮೊದಲು ಮಾಡುವುದು ಗ್ರಂಥಾಲಯ ನೋಡಿಕೊಳ್ಳುವವರು ಮಾಡಲೇಬಾರದ ಕೆಲಸ. ಹೊಚ್ಚ ಹೊಸ ಪುಸ್ತಕವೊಂದನ್ನು ಮಣೆಯ ಮೇಲಿಟ್ಟು, ಬ್ಲೇಡು ಹಿಡಿದು, ಬೆನ್ನಿನುದ್ದಕ್ಕೂ ಸೀಳುತ್ತಾರೆ.

ನೋಡಿದವರು ತಡೆಯಲು ಕೈ ಚಾಚುತ್ತಾರೆ. ಅವರು ಮಾತ್ರ ಅವರೆಕಾಯಿ ಬಿಡಿಸುವವರಷ್ಟು ನಿರಾಳ. ಪುಸ್ತಕ ಒಂದು, ಅಧ್ಯಾಯ ಎಂಟು. ಹಾಗಾಗಿ ಎಂಟು ತುಂಡು. ಒಂದೊಂದು ತುಂಡಿಗೂ ದಬ್ಬಣದಲ್ಲಿ ಮೂರು ತೂತು, ಮೇಣ ಸವರಿದ ದಾರ, ಮೈದಾ ಅಂಟು. ಅಂಟಿಗೆ ಚಿಟಿಕೆ ಮೈಲುತುತ್ತ, ಇಲ್ಲದಿದ್ದರೆ ಮಕ್ಕಳಿಗಿಂತ ಮೊದಲು ಜಿರಲೆಗಳೇ ಪುಸ್ತಕ ಮುಗಿಸುತ್ತವೆ. ರಟ್ಟಿಗೆ ಊರಿನವರು ಕೊಟ್ಟ ಹಳೆಯ ಮದುವೆ ಕಾರ್ಡು.

"ಇರೋದು ಒಂದೇ ಪುಸ್ತಕ, ಓದೋ ಮಕ್ಳು ಮೂವತ್ತೇಳು. ಒಬ್ಬ ಮನೆಗೆ ತಗೊಂಡೋದ್ರೆ ಉಳಿದೋರೆಲ್ಲ ಬಾಯಿ ಬಾಯಿ ಬಿಡ್ಬೇಕು. ಎಂಟು ಮಾಡಿದ್ರೆ ಎಂಟು ಜನ ಓದ್ತಾರೆ. ಇದ್ರಲ್ಲಿ ತಪ್ಪೇನಿದೆ ಹೇಳಿ?" ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳುತ್ತಾರೆ. ತಪ್ಪೇನೆಂದು ಥಟ್ಟನೆ ಹೊಳೆಯುವುದಿಲ್ಲ. ಎಲ್ಲೋ ಏನೋ ತಪ್ಪಿದೆ ಎಂಬ ಗುಮಾನಿಯೂ ಹೋಗುವುದಿಲ್ಲ.

ಈ ಬುದ್ಧಿ ಬಂದಿದ್ದು ಒಂದು ಜಗಳದಿಂದ. ಐದು ವರ್ಷದ ಹಿಂದೆ ನಗೆಕಥೆಯ ಪುಸ್ತಕವೊಂದಕ್ಕೆ ನಾಲ್ಕು ಮಕ್ಕಳು ಕೈ ಹಾಕಿ ಎಳೆದಾಡಿದರು. ಪುಸ್ತಕ ನಡುವಿಗೆ ಹರಿದು ಎರಡಾಯಿತು. ಬೈಯಲೆಂದು ಪ್ರೇಮಮ್ಮ ಎದ್ದು ಬರುವಷ್ಟರಲ್ಲಿ ಇಬ್ಬರು ಮುಂದಿನ ಅರ್ಧ ಹಿಡಿದು, ಇಬ್ಬರು ಹಿಂದಿನ ಅರ್ಧ ಹಿಡಿದು ಕುಳಿತು ಕಿಸಿಕಿಸಿ ನಗುತ್ತಿದ್ದರು. ಅವರು ಬೈಯಲಿಲ್ಲ. ಮಾರನೆಯ ದಿನ ಅಜ್ಜಂಪುರಕ್ಕೆ ಹೋಗಿ ದಬ್ಬಣ ತಂದರು. ಇಲ್ಲಿಯವರೆಗೆ ಮೂವತ್ತೊಂದು ಪುಸ್ತಕಗಳನ್ನು ಇನ್ನೂರ ಅರವತ್ತೆಂಟು ತುಂಡು ಮಾಡಿದ್ದಾರೆ. ದಿನಕ್ಕೆ ಹದಿನಾಲ್ಕು ತುಂಡು ಹೊರಗೆ ಹೋಗುತ್ತವೆ, ಹನ್ನೆರಡು ಹದಿಮೂರು ಹೇಳಿದ ದಿನಕ್ಕೆ ವಾಪಸ್ ಬರುತ್ತವೆ, ಉಳಿದವು ತಡವಾಗಿ.

ಕೆಲಸ ಕಾಣುವಷ್ಟು ಸಲೀಸಲ್ಲ. ಒಂದು ಅಧ್ಯಾಯ ಮುಗಿಯುವ ಹಾಳೆಯ ಹಿಂಬದಿಯಲ್ಲೇ ಮುಂದಿನದು ಶುರುವಾಗಿರುತ್ತದೆ. ಹಾಳೆ ಇತ್ತ ಹೋದರೆ ಅತ್ತಲಿನದಕ್ಕೆ ತಲೆಯಿಲ್ಲ, ಅತ್ತ ಹೋದರೆ ಇತ್ತಲಿನದಕ್ಕೆ ಬಾಲವಿಲ್ಲ. ಅದಕ್ಕೇ ಆ ಒಂದು ಪುಟವನ್ನು ಪ್ರೇಮಮ್ಮ ನೋಟ್‌ಬುಕ್ಕಿನ ಹಾಳೆಯಲ್ಲಿ ಕೈಯಲ್ಲೇ ಬರೆದು ಸೇರಿಸುತ್ತಾರೆ. ಅವರ ದುಂಡು ಅಕ್ಷರ ಊರಿನ ಮಕ್ಕಳಿಗೆಲ್ಲ ಗೊತ್ತು. ಪಂಚನಹಳ್ಳಿ ಕಡೆಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ, ಕಡೂರಿನಲ್ಲಿ ಪಿಯುಸಿಗೆ ಸೇರಿ, ಪರೀಕ್ಷೆಗೆ ಮೊದಲೇ ಮದುವೆಯಾಗಿ ಇಲ್ಲಿಗೆ ಬಂದವರಿಗೆ ಉಳಿದಿದ್ದು ಈ ಅಕ್ಷರ ಒಂದೇ.

ಇನ್ನು ಓದುವ ಕ್ರಮ. ಅದೊಂದು ದೊಡ್ಡ ಗೋಜಲು. ಯಾವ ತುಂಡು ಕೈಗೆ ಸಿಕ್ಕಿತೋ ಅದನ್ನು ಓದುವುದು ಇಲ್ಲಿನ ಪದ್ಧತಿ. ಮೂರಾದ ಮೇಲೆ ಏಳು, ಏಳಾದ ಮೇಲೆ ಒಂದು. ಮುರಿದ ಕಾಲು ಮೊದಲು ವಾಸಿಯಾಗುತ್ತದೆ, ಆಮೇಲೆ ಹುಡುಗ ಮರದಿಂದ ಬೀಳುತ್ತಾನೆ. ಮಕ್ಕಳಿಗೆ ಇದರಿಂದ ತೊಂದರೆಯಾದಂತಿಲ್ಲ. ಮದುವೆ ಕಾರ್ಡಿನ ರಟ್ಟು ಬೇರೊಂದು ಎಡವಟ್ಟು ಮಾಡಿದೆ. ರಟ್ಟಿನ ಮೇಲೆ ಯಾರ ಹೆಸರಿದೆಯೋ ಆ ತುಂಡು ಬರೆದವರು ಅವರೇ ಎಂದು ಮಕ್ಕಳು ತಿಳಿದಿದ್ದಾರೆ. ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಬಸವೇಶನನ್ನು ನಿಲ್ಲಿಸಿಕೊಂಡು, "ಅಣ್ಣಾ, ಕಥೆ ಮುಂದಕ್ಕೇನಾಯ್ತಣ್ಣಾ?" ಎಂದು ಕೇಳುತ್ತಾರೆ. ಆತ ಏನೂ ತಿಳಿಯದೆ, "ಎಂಥ ಕಥೆ ಮರೀ? ಕಾಯಿಲ್ ಸುಟ್ಟಿದೆ, ನಾಳೆ ಬಾ ಅಂತ ಹೇಳು ನಿಮ್ಮಪ್ಪಂಗೆ" ಎನ್ನುತ್ತಾನೆ.

ಬಸವೇಶ ಮತ್ತು ಆತನ ಹೆಂಡತಿ ಶಾಂಭವಿಯ ಮದುವೆ ಕಾರ್ಡು ಇರುವುದು 'ನಮ್ಮನೆ ಮಾರ್ಕ್ಸ್‌ಕಾರ್ಡು' ಎಂಬ ಪುಸ್ತಕದ ಒಂಬತ್ತನೇ ಅಧ್ಯಾಯದ ಮೇಲೆ. ಪ್ರೇಮಮ್ಮನವರ ನಿದ್ದೆ ಕೆಡಿಸಿರುವುದೂ ಅದೇ ಅಧ್ಯಾಯ.

ಈ ಊರಿನ ಮಕ್ಕಳ ಪಾಲಿಗೆ ಅದಕ್ಕಿಂತ ದೊಡ್ಡ ಪುಸ್ತಕವಿಲ್ಲ. ಚಿನ್ನಿ ಎಂಬ ಹುಡುಗಿಯ ಮಾರ್ಕ್ಸ್‌ಕಾರ್ಡು ಮೊದಲ ಅಧ್ಯಾಯದಲ್ಲೇ ಕಳೆದುಹೋಗುತ್ತದೆ. ಮನೆಯವರೆಲ್ಲ ಸೇರಿ ಹುಡುಕುವುದೇ ಮಿಕ್ಕ ಕಥೆ. ಅಪ್ಪ ಹಿಟ್ಟಿನ ಡಬ್ಬಕ್ಕೆ ಕೈ ಹಾಕುತ್ತಾನೆ, ಅಜ್ಜಿ ಶಾಲೆಗೇ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಕೊನೆಯದಾದ ಒಂಬತ್ತನೆಯದರಲ್ಲಿ ಕಾರ್ಡು ಸಿಗುತ್ತದೆ.

ನಾಲ್ಕು ವರ್ಷದ ಹಿಂದೆ ಈ ಪುಸ್ತಕವನ್ನು ಸೀಳಿ ಹೊಲಿದ ದಿನವೇ ಒಂಬತ್ತು ಹೊರಗೆ ಹೋಯಿತು. ಹೋದದ್ದು ಬರಲೇ ಇಲ್ಲ. ಪ್ರೇಮಮ್ಮ ಅದನ್ನು ಓದಿಯೇ ಇರಲಿಲ್ಲ. "ಹೊಲಿಯೋವಾಗ ಓದಕ್ಕಾಗುತ್ತೇನ್ರೀ? ಸೂಜಿ ನೋಡ್ಬೇಕೋ ಕಥೆ ನೋಡ್ಬೇಕೋ! ಬಂದ್ಮೇಲೆ ಓದಣ ಅಂತ ಬಿಟ್ಟೆ." ಅವರಿಗೆ ಗೊತ್ತಿದ್ದದ್ದು ಎಂಟನೆಯದರ ಕೊನೆ ಹಾಳೆಯ ಹಿಂಬದಿಯಲ್ಲಿದ್ದ ಮೊದಲ ಪುಟ ಮಾತ್ರ. ಮಕ್ಕಳು ದಿನಾ ಕೇಳಿದರು, ಕಾರ್ಡು ಎಲ್ಲಿತ್ತು ಮಿಸ್, ಎಲ್ಲಿತ್ತು ಮಿಸ್ ಎಂದು. ಕೇಳಿ ಕೇಳಿ ಸಾಕಾಗಿ ಒಂದು ಮಧ್ಯಾಹ್ನ ಆ ಮೊದಲ ಪುಟ ಎದುರಿಗಿಟ್ಟುಕೊಂಡು ಮುಂದಿನದನ್ನು ತಾವೇ ಬರೆದರು. ಹನ್ನೊಂದು ಪುಟ. ಅಪ್ಪ ಬೈಯುತ್ತಾನೆಂದು ಅಜ್ಜಿಯೇ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿ ಬಚ್ಚಿಟ್ಟಿರುತ್ತಾಳೆ. ಸಿಕ್ಕಾಗ ಗಣಿತದ ಅಂಕದ ಮೇಲೆ ಸುಣ್ಣ ಮೆತ್ತಿ, ಅದು ಮೂವತ್ತೋ ಎಂಬತ್ತೋ ಯಾರಿಗೂ ತಿಳಿಯುವುದಿಲ್ಲ. ಕಳೆದದ್ದನ್ನು ಬೇರೆ ಕಡೆಯಿಂದ ನೋಡಿ ಬರೆದೆ ಎಂದು ಮಕ್ಕಳಿಗೆ ಹೇಳಿದರು. ಕೈಬರಹದ ಪುಟ ಇಲ್ಲಿ ಹೊಸದಲ್ಲವಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ಬಂದಿದ್ದು ಎರಡು ವಾರದ ಹಿಂದೆ, ಅಜ್ಜಂಪುರದಲ್ಲಿ. ಸುತ್ತಲಿನ ಮೂರು ತಾಲ್ಲೂಕಿನ ಮಕ್ಕಳ ಓದಿನ ಮೇಳ. ಈ ಊರಿನಿಂದ ಆರನೇ ತರಗತಿಯ ಅಮೂಲ್ಯಾ ಇದೇ ಕಥೆ ಹೇಳಿದಳು. ಸಭೆಗೆ ಸಭೆಯೇ ನಕ್ಕಿತು. ಕೊನೆಗೆ ಎಲೆಅಡಿಕೆ ಚೀಲದ ಹತ್ತಿರ ಬಂದಾಗ ಪಂಚನಹಳ್ಳಿ ಕಡೆಯ ಅಭಿಲಾಷ್ ಎಂಬ ಹುಡುಗ ಎದ್ದು ನಿಂತ. "ಸುಳ್ಳು! ಕಾರ್ಡ್ ಇದ್ದಿದ್ದು ಮೇಷ್ಟ್ರ ಛತ್ರೀಲಿ. ನಮ್ಮತ್ರ ಪುಸ್ತಕ ಐತೆ" ಎಂದ. ಆಮೇಲಿನ ನಗು ಬೇರೆ ಥರದ್ದು. ಅಮೂಲ್ಯಾ ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಕೇಳಿದಳು: "ಮಿಸ್, ನಮ್ದು ಡೂಪ್ಲಿಕೇಟ್ ಪುಸ್ತಕನಾ?" ಹುಡುಗಿ ಅಂದಿನಿಂದ ಗ್ರಂಥಾಲಯದ ಕಡೆ ತಲೆ ಹಾಕಿಲ್ಲ. ಅವಳ ಹಿಂದೆ ಇನ್ನೂ ಒಂಬತ್ತು ಮಕ್ಕಳು ಬರುವುದು ಬಿಟ್ಟಿದ್ದಾರೆ.

"ಸುಳ್ಳು ಹೇಳಿದ್ದು ನಾನು, ಅವಮಾನ ಆಗಿದ್ದು ಆ ಮಗೂಗೆ," ಎನ್ನುವಾಗ ಪ್ರೇಮಮ್ಮನ ಕೈಯಲ್ಲಿನ ದಾರ ಗಂಟು ಬೀಳುತ್ತದೆ. "ಏನಂತ ಹೇಳ್ಲಿ? ಪುಸ್ತಕ ಕಳ್ದೋಗಿತ್ತು ಅನ್ಲಾ, ನಾನೇ ಬರ್ದೆ ಅನ್ಲಾ? ಬರ್ದೆ ಅನ್ನಕ್ಕೆ ನಾನೇನು ಬರೆಯೋಳಾ? ನಂಗೇ ತಿಳೀತಿಲ್ಲ ಕಣ್ರೀ." ಹೇಳುತ್ತಾ ಹೇಳುತ್ತಾ ಐದನೇ ಅಧ್ಯಾಯಕ್ಕೆ ಆರರ ರಟ್ಟು ಅಂಟಿಸಿಬಿಡುತ್ತಾರೆ. ಮತ್ತೆ ಬಿಡಿಸುತ್ತಾರೆ.

ದಿನಾ ಬೆಳಗ್ಗೆ ಪೇಪರಿಗೆ ಮೊದಲು ಕೈ ಚಾಚುವವರು ಎಪ್ಪತ್ತು ದಾಟಿದ ಸಿದ್ದಪ್ಪ. ಈ ಭಾನುವಾರ ಮಾತ್ರ ಪೇಪರ್ ಮುಟ್ಟದೆ ಬೆಂಚಿನ ಮೇಲೆ ಹಿಂದೆ ಮುಂದೆ ಸರಿದಾಡುತ್ತಿದ್ದಾರೆ. ಕೊನೆಗೆ ಎದ್ದು ಬಂದು, ಜುಬ್ಬದ ಜೇಬಿನಿಂದ ಮಡಚಿದ ಹಳೆಯ ಪೇಪರು ತೆಗೆದು ಮಣೆಯ ಮೇಲಿಡುತ್ತಾರೆ. ಪೇಪರಿನೊಳಗೆ ಒಂದು ತುಂಡು ಪುಸ್ತಕ. ಮೂರು ತೂತು, ಮೇಣದ ದಾರ. ಒಂಬತ್ತನೇ ಅಧ್ಯಾಯ.

"ಬೈಬ್ಯಾಡ ತಾಯಿ. ನಮ್ಮನೆಯವ್ಳು ಕೆಂಚಮ್ಮಂಗೆ ಓದಿ ಹೇಳಣ ಅಂತ ಒಂದಿನದ ಮಟ್ಟಿಗೆ ಒಯ್ದೆ."

"ಒಂದಿನಾನಾ? ನಾಕು ವರ್ಷ ಆಯ್ತಲ್ಲ ಸಿದ್ದಪ್ಪಣ್ಣ!"

"ಅವ್ಳು ಬಿಡ್ಲಿಲ್ಲ ಕಣಮ್ಮ. ಮಾರ್ಕ್ಸ್‌ಕಾರ್ಡ್ ಎಲ್ಲಿ ಅಂತ ಎಲ್ಲಾರ್ಗೂ ಬೈಯ್ಯೋ ಮೇಷ್ಟ್ರು ತನ್ ಛತ್ರೀಲೇ ಇಟ್ಕಂಡಿರ್ತಾನೆ ನೋಡು. ಆ ವರ್ಷ ಮಳೆ ಇಲ್ಲ, ಛತ್ರಿ ಬಿಚ್ಚಲ್ಲ. ಕೊನೇಗೆ ಮಳೆ ಬಂದು ಬಿಚ್ಚಿದ್ರೆ ಅವನ್ ತಲೆ ಮೇಲೇ ಬೀಳ್ತದೆ. ಅದು ಬಂದ್ರೆ ಸಾಕು, ಇನ್ನೊಂದ್ಸಲ ಓದಿ ಅಂತಾಳೆ. ಚಿಕ್ಕೋಳಿದ್ದಾಗ ಸ್ಲೇಟ್ ಕಳ್ದೆ ಅಂತ ಮೇಷ್ಟ್ರು ಮನೇಗೆ ಕಳ್ಸಿದ್ರಂತೆ, ಆಮೇಕೆ ಇಸ್ಕೂಲಿಗೆ ಹೋಗ್ಲೇ ಇಲ್ಲ ಅವ್ಳು."

ಸಿದ್ದಪ್ಪ ತಲೆ ಕೆರೆದುಕೊಳ್ಳುತ್ತಾರೆ. "ವಾಪಸ್ ಕೊಡಣ ಅಂತ ಒಂದೆರಡು ತಿಂಗ್ಳಾದ್ಮೇಲೆ ಬಂದ್ರೆ ಒಂಬತ್ತು ಇಲ್ಲೇ ಐತೆ! ಹಂಗಾರೆ ನಮ್ಮನೇಲಿರೋದು ಯಾವ್ದು ಅಂತ ನಂಗೆ ತಲೆ ಕೆಟ್ಟೋಯ್ತು. ಎರಡು ಇರ್ಬೇಕು ಅಂತ ಸುಮ್ಕಾದೆ. ಮೇಳದಾಗೆ ಆ ಮಗೂಗೆ ಹಂಗಾಯ್ತು ಅಂತ ಕೇಳಿದ್ಮೇಲೆ ತಡೀಲಿಲ್ಲ, ತಂದೆ."

ಬೈಯಲು ಬಾಯಿ ತೆರೆದ ಪ್ರೇಮಮ್ಮ ಹಾಗೇ ತುಂಡನ್ನು ಕೈಗೆತ್ತಿಕೊಳ್ಳುತ್ತಾರೆ. ತಾವೇ ಹೊಲಿದ ಅಧ್ಯಾಯವನ್ನು ಮೊದಲ ಸಲ ಓದುತ್ತಾರೆ. ಅಂಟು ಬಟ್ಟಲಿನಲ್ಲೇ ಒಣಗುತ್ತದೆ. ಛತ್ರಿ ಬಿಚ್ಚುವಲ್ಲಿ ತಡೆಯಲಾಗದೆ ನಗು ಬರುತ್ತದೆ, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಮುಖ ಸಣ್ಣದಾಗುತ್ತದೆ. "ಇದೇ ಚೆನ್ನಾಗಿದೆ. ನಂದು ಇದರ ಮುಂದೆ ಸಪ್ಪೆ. ಆ ಪಂಚನಹಳ್ಳಿ ಹುಡುಗ ನಗ್ದೆ ಇನ್ನೇನ್ಮಾಡ್ತಾನೆ!" ಆಮೇಲೆ ಸಿದ್ದಪ್ಪನ ಕಡೆ ತಿರುಗಿ, "ನೀವೇ ಹೋಗಿ ಅಮೂಲ್ಯಾನ ಕರ್ಕೊಂಡ್ ಬನ್ನಿ. ಬರಲ್ಲ ಅಂದ್ರೂ ಬಿಡ್ಬೇಡಿ" ಎನ್ನುತ್ತಾರೆ. ಸಿದ್ದಪ್ಪ ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ಹುಡುಗಿ ಬರುವ ಹೊತ್ತಿಗೆ ಒಂಬತ್ತೂವರೆ. ಒಳಗೆ ಬರದೆ ಹೊಸ್ತಿಲ ಹೊರಗೇ ನಿಲ್ಲುತ್ತಾಳೆ. ಪ್ರೇಮಮ್ಮ ಎದ್ದು ಎರಡೂ ಒಂಬತ್ತುಗಳನ್ನು ಅವಳ ಕೈಗೆ ಕೊಡುತ್ತಾರೆ.

"ಇದು ಪುಸ್ತಕದ್ದು ಕಣೇ. ಇದು ನಾನು ಬರ್ದಿದ್ದು. ಎಲ್ಲೂ ನೋಡಿ ಬರೀಲಿಲ್ಲ, ನನ್ ತಲೆಯಿಂದ ಬರ್ದೆ. ನಿನ್ ಹತ್ರ ಸುಳ್ಳು ಹೇಳ್ದೆ. ನಿಂಗೆ ಎಲ್ಲಾರ ಮುಂದೆ ಹಂಗಾಯ್ತು. ನಂದೇ ತಪ್ಪು."

ಅಮೂಲ್ಯಾ ಹೊಸ್ತಿಲ ಮೇಲೇ ಕುಳಿತು ಓದತೊಡಗುತ್ತಾಳೆ. ಮೊದಲು ಅಚ್ಚಿನದು. ಒಂದು ಕಡೆ ಪಿಸಕ್ಕನೆ ನಗುತ್ತಾಳೆ. ಆಮೇಲೆ ಕೈಬರಹದ್ದು, ಬಾಯಿಪಾಠವಾಗಿದ್ದರೂ ಸಾಲು ಸಾಲೂ ಬಿಡದೆ. ಅಷ್ಟು ಹೊತ್ತೂ ಪ್ರೇಮಮ್ಮ ಏನೂ ಹೊಲಿಯದ ಸೂಜಿಗೆ ದಾರ ಪೋಣಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಪೋಣಿಸುತ್ತಾರೆ. ಹನ್ನೆರಡು ವರ್ಷದ ಹುಡುಗಿ ಏನು ಹೇಳುತ್ತಾಳೋ ಎಂದು ಐವತ್ತೆರಡರ ಹೆಂಗಸಿಗೆ ನಿಜಕ್ಕೂ ಹೆದರಿಕೆ.

"ಮಿಸ್," ಎನ್ನುತ್ತಾಳೆ ಅಮೂಲ್ಯಾ ಕೊನೆಗೆ. "ಛತ್ರಿಯಿಂದ ಬಿದ್ದಿದ್ ಕಾರ್ಡ್ನ ಯಾರು ಎತ್ಕೊಂಡ್ರು ಅಂತ ಇದ್ರಲ್ಲಿ ಹೇಳೇ ಇಲ್ಲ."

"ಹೌದಾ?"

"ಅಜ್ಜಿ ಎತ್ಕೊಂಡ್ಳು. ಅಪ್ಪಂಗೆ ಕಾಣ್ಬಾರ್ದು ಅಂತ ಚೀಲಕ್ಕೆ ಹಾಕ್ಕೊಂಡ್ಳು. ಹಂಗಾದ್ರೆ ನಿಮ್ದು ಒಂಬತ್ತಲ್ಲ ಮಿಸ್, ಹತ್ತು. ಮೊದಲ್ನೇ ಪುಟ ಕಿತ್ತಾಕಿ, ಅದು ಇದ್ರಲ್ಲೇ ಬಂದಿದೆ."

ಪ್ರೇಮಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಸಿದ್ದಪ್ಪನಿಗೆ ಅರ್ಥವೇ ಆಗುವುದಿಲ್ಲ. "ಎರಡು ಒಂಬತ್ತು ಸೇರಿದ್ರೆ ಹತ್ತಾ?" ಎಂದು ಗೊಣಗುತ್ತಾ ಈಗ ಪೇಪರ್ ಬಿಡಿಸುತ್ತಾರೆ. ಆದರೂ ಅಚ್ಚಿನ ಒಂಬತ್ತನ್ನು ಇನ್ನೊಂದು ವಾರ ಕೆಂಚಮ್ಮನಿಗೆ ಕೊಡಬಹುದಾ ಎಂದು ಕೇಳಲು ಮರೆಯುವುದಿಲ್ಲ. ಈ ಸಲ ಬರೆದಿಟ್ಟುಕೊಂಡೇ ಕೊಡಲಾಗುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪ್ರೇಮಮ್ಮ ಯೋಚಿಸುತ್ತಾರೆ. ಗ್ರಂಥಾಲಯದ ಶೀಟು ಸೋರುತ್ತದೆ, ಅದನ್ನು ಹೇಳಬಹುದಿತ್ತು. ಅವರು ಹೇಳುವುದು ಬೇರೆ. "ಒಂದು ಪುಸ್ತಕಾನ ಸೀಳ್ದೆ, ಒಂದರಿಂದ ಕೊನೇವರೆಗೂ ಒಂದೇ ಸಲಕ್ಕೆ ಓದ್ಬೇಕು. ನಮ್ ಮಕ್ಳ ಥರ ಓದಿ ಓದಿ ನಂಗೂ ಯಾವ್ದು ಮುಂದೆ ಯಾವ್ದು ಹಿಂದೆ ಗೊತ್ತಾಗ್ದಂಗಾಗಿದೆ."

ಅಷ್ಟರಲ್ಲಿ ಅಮೂಲ್ಯಾ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಿದ್ದಾಳೆ. ಕೈಬರಹದ ತುಂಡಿನ ರಟ್ಟಿನ ಮೇಲಿನ ಒಂಬತ್ತನ್ನು ಹೊಡೆದು ಹತ್ತು ಮಾಡುತ್ತಾಳೆ. ಅದರ ಕೆಳಗೆ ಬಂಗಾರದ ಅಕ್ಷರದಲ್ಲಿದ್ದ ಬಸವೇಶ್, ಶಾಂಭವಿ ಎರಡೂ ಹೆಸರಿನ ಮೇಲೆ ಗೆರೆ ಎಳೆಯುತ್ತಾಳೆ. ಇದ್ದ ಇಷ್ಟು ಜಾಗದಲ್ಲಿ ಒತ್ತಿ ಬರೆಯುತ್ತಾಳೆ: ಪ್ರೇಮಮ್ಮ ಮಿಸ್.

ಪ್ರೇಮಮ್ಮ ರಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಶಾಯಿ ಆರಲೆಂದು ಊದುತ್ತಾರೆ. ಆರಿದ ಮೇಲೂ ಊದುತ್ತಾರೆ.

"ಪಾಪ, ಇನ್ಮೇಲೆ ಬಸವೇಶನ ಪ್ರಾಣ ಉಳೀತು ಬಿಡಿ," ಎನ್ನುತ್ತಾರೆ. "ಮುಂದಕ್ಕೇನಾಯ್ತು ಅಂತ ನನ್ನೇ ಕೇಳ್ತಾರೆ."